ದಕ್ಷಿಣ ಲೊನಾಕ್: ಸೈಫನ್ ಪೈಪ್ ಇದ್ದೂ ಸರೋವರ ಒಡೆದದ್ದೇಕೆ?

ಪ್ರಶ್ನೆ
ಸಿಕ್ಕಿಂನ ದಕ್ಷಿಣ ಲೊನಾಕ್ ಸರೋವರಕ್ಕೆ 2016ರಲ್ಲೇ 8 ಇಂಚಿನ ಮೂರು ಸೈಫನ್ ಪೈಪ್ (ಪಂಪ್ ಇಲ್ಲದೆ, ಅಂಚಿನ ದಿಬ್ಬ ದಾಟಿಸಿ ನೀರನ್ನು ಕೆಳಗೆ ಹರಿಸುವ ಪೈಪ್) ಹಾಕಿ, ಸೆಕೆಂಡಿಗೆ ಸುಮಾರು 150 ಲೀಟರ್ ನೀರು ಹೊರಬಿಡುವ ಏರ್ಪಾಡು ಮಾಡಿದ್ದರು. ಆದರೂ 2023ರ ಅಕ್ಟೋಬರ್ 3ರ ರಾತ್ರಿ ಅದು ಒಡೆದು, ಕೆಳಗೆ ತೀಸ್ತಾ ನದಿಯ ಚುಂಗ್‌ಥಾಂಗ್ ಅಣೆಕಟ್ಟೂ ಕೊಚ್ಚಿಹೋಯಿತು. ಪೈಪ್ ಸಾಲಲಿಲ್ಲವೇ, ವಿಧಾನವೇ ತಪ್ಪೇ?

ಉತ್ತರ 1
ಲೆಕ್ಕ ಹಾಕಿ ನೋಡಿ ಸರ್. 150 ಲೀಟರ್ ಎಂದರೆ ದಿನಕ್ಕೆ 13 ಸಾವಿರ ಘನ ಮೀಟರ್. ಒಡೆಯುವ ಮುಂಚೆ ಸರೋವರದ ಹರವು 167 ಹೆಕ್ಟೇರ್. ಮಟ್ಟ ಒಂದೇ ಒಂದು ಮೀಟರ್ ಇಳಿಯಲು, ಒಳಗೆ ಹನಿ ನೀರು ಬಾರದಿದ್ದರೂ, ನಾಲ್ಕು ತಿಂಗಳು ದಾಟುತ್ತದೆ. ಅಷ್ಟರೊಳಗೆ ಚಳಿಗಾಲ.

ಎತ್ತರದ ತೊಡಕು ಬೇರೆ. 5,200 ಮೀಟರ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು, ಹಾಗಾಗಿ ಸೈಫನ್ ನೀರನ್ನು ಎತ್ತುವುದು ಲೆಕ್ಕಕ್ಕೆ ಐದು ಚಿಲ್ಲರೆ ಮೀಟರ್, ಕೆಲಸಕ್ಕೆ ನಾಲ್ಕೇ ಎಂದಿಟ್ಟುಕೊಳ್ಳಿ. ದಿಬ್ಬದ ನೆತ್ತಿಯಲ್ಲಿ ಪೈಪ್ ಬಾಗುವ ಕಡೆ ಗಾಳಿಗುಳ್ಳೆ ಸೇರುತ್ತಾ ಹೋಗಿ ಧಾರೆ ತುಂಡಾಗುತ್ತದೆ. ಆಗ ಎರಡೂ ಬಾಯಿ ಮುಚ್ಚಿ, ನೆತ್ತಿಯಿಂದ ನೀರು ತುಂಬಿ, ನೆತ್ತಿ ಬಿಗಿದು, ಮೇಲಿನ ಬಾಯಿ ನೀರೊಳಗೇ ತೆರೆದು, ಕೆಳಬಾಯಿಯ ವಾಲ್ವನ್ನು ನಿಧಾನವಾಗಿ ಬಿಡಬೇಕು. ಕಾವಲಿಗೆ ಜನ ಇಲ್ಲದ ಕಡೆ ಇದು ನಡೆಯುವ ಮಾತಲ್ಲ.

ಉತ್ತರ 2
ಲೆಕ್ಕ ಸರಿಯಾಗಿದೆ, ಆದರೆ ಅಂದು ನೀರು ತುಂಬಿ ಉಕ್ಕಲಿಲ್ಲ. ಉತ್ತರ ದಂಡೆಯ ಹೆಪ್ಪುಗಟ್ಟಿದ ಮೊರೇನ್ (ಹಿಮನದಿ ತಂದು ಗುಡ್ಡೆ ಹಾಕಿದ ಕಲ್ಲುಮಣ್ಣು) ಇಳಿಜಾರು, ಸುಮಾರು 1.47 ಕೋಟಿ ಘನ ಮೀಟರ್ ಕಲ್ಲುಮಣ್ಣು, ಕುಸಿದು ನೀರಿಗೆ ಬಿತ್ತು. ಎದ್ದ ಅಲೆ ಸುಮಾರು 20 ಮೀಟರ್. ಅದು ಮುಂದಿನ ದಿಬ್ಬವನ್ನು ಕೊರೆದು 5 ಕೋಟಿ ಘನ ಮೀಟರ್ ನೀರನ್ನು ಹೊರಗೆ ತಂದಿತು. ನೇಪಾಳದ ಇಮ್ಜಾ ಹಿಮಸರೋವರದಲ್ಲಿ 2016ರಲ್ಲಿ ಕಾಲುವೆ ತೋಡಿ, ಗೇಟ್ ಕೂರಿಸಿ 3.4 ಮೀಟರ್ ಇಳಿಸಿದರು. ಪೈಪ್‌ಗಿಂತ ಅದೇ ಮೇಲು, ತಾನಾಗಿ ಹರಿಯುತ್ತದೆ. ದಿಬ್ಬದೊಳಗೆ ಹಳೆಯ ಮಂಜುಗಡ್ಡೆ ಹುದುಗಿದ್ದರೆ ಮಾತ್ರ ಎಚ್ಚರ: ಕಾಲುವೆಯ ನೀರಿಗೆ ಅದು ಕರಗಿ ತಳವೇ ಕುಸಿಯುತ್ತದೆ. ಅಷ್ಟು ಮಾಡಿದರೂ 20 ಮೀಟರ್ ಅಲೆಯನ್ನು ತಡೆಯಲಾಗದು. ದಂಡೆಯ ಇಳಿಜಾರು ವರ್ಷಕ್ಕೆ ಎಷ್ಟು ಜರುಗುತ್ತಿದೆ ಎಂದು ಉಪಗ್ರಹ ರಾಡಾರ್‌ನಿಂದ ಅಳೆಯುವುದೇ ಮೊದಲ ಕೆಲಸವಾಗಬೇಕಿತ್ತು.

ಉತ್ತರ 3
ಕಣಿವೆಯ ಕಡೆಯಿಂದ ಒಂದು ಮಾತು. ಚುಂಗ್‌ಥಾಂಗ್‌ನದು 60 ಮೀಟರ್ ಎತ್ತರದ, ಕಲ್ಲು ತುಂಬಿ ಮುಖಕ್ಕೆ ಕಾಂಕ್ರೀಟ್ ಹೊದಿಸಿದ ಕಟ್ಟೆ. ಇಂಥದರ ನೆತ್ತಿ ಹತ್ತಿ ನೀರು ಹರಿಯಿತೆಂದರೆ ಹಿಂಬದಿಯ ಕಲ್ಲು ಕಿತ್ತುಕೊಂಡು ಹೋಗುತ್ತದೆ. ಕಾಂಕ್ರೀಟ್ ಕಟ್ಟೆಯಷ್ಟು ತಾಳುವುದಿಲ್ಲ.

ನೀರು ಇಳಿದ ಮೇಲೂ ಸಂಕಟ ಮುಗಿದಿಲ್ಲ. ಪ್ರವಾಹ ದಾರಿಯುದ್ದಕ್ಕೂ ಸುಮಾರು 27 ಕೋಟಿ ಘನ ಮೀಟರ್ ಮಣ್ಣುಕಲ್ಲು ಕೊರೆಯಿತು. ಅದರಲ್ಲಿ ಒಂದು ಪಾಲು ತೀಸ್ತಾ ಪಾತ್ರದಲ್ಲಿ ಕೂತು ತಳ ಮೇಲೆದ್ದಿದೆ, ಮೊದಲು ತಡೆಯುತ್ತಿದ್ದ ಮಳೆಗೇ ಈಗ ರಸ್ತೆ ಮುಳುಗುತ್ತದೆ. ಸೇತುವೆ ಕಂಬದ ಮೇಲಿನ ಹಳೆಯ ಅಪಾಯದ ಗೆರೆ ನಂಬಬೇಡಿ. ನದಿಯ ಅಡ್ಡಕೊಯ್ತವನ್ನು (ದಡದಿಂದ ದಡಕ್ಕೆ ತಳದ ಆಕಾರ) ಪ್ರತಿ ಮಳೆಗಾಲದ ಮುಂಚೆ ಹೊಸದಾಗಿ ಅಳೆದು ಆ ಗೆರೆ ಮತ್ತೆ ಬರೆಯಬೇಕು.