ಅಪ್‌ಡೇಟ್: ಮಗಳು ಮತ್ತೆ ಹಾಸಿಗೆ ಒದ್ದೆ ಮಾಡುತ್ತಿದ್ದ ವಿಷಯ

2020ರ ಮಾರ್ಚ್ 25ರ ಲಾಕ್‌ಡೌನ್ ಬಳಿಕ ನಮ್ಮ ನಾಲ್ಕು ವರ್ಷದ ಮಗಳು ಮತ್ತೆ ಹಾಸಿಗೆ ಒದ್ದೆ ಮಾಡುತ್ತಿದ್ದಾಳೆ, ನನ್ನ ಸೆರಗನ್ನೇ ಬಿಡುತ್ತಿಲ್ಲ, ಏನು ಮಾಡಲಿ ಎಂದು ಧಾರವಾಡದಿಂದ ಇಲ್ಲಿ ಕೇಳಿದ್ದೆ. ರಾತ್ರಿ ನೀರು ಕಡಿಮೆ ಮಾಡಿದ್ದು ಫಲ ಕೊಡಲಿಲ್ಲ. ಗದರಿಸಿದಾಗಲಂತೂ ಅವಳು ಇನ್ನಷ್ಟು ಮುದುಡಿದಳು. ಕೈಹಿಡಿದದ್ದು ದಿನಚರಿ ನಿಗದಿಪಡಿಸಿ ಎಂದವರ ಸಲಹೆ: ಬೆಳಿಗ್ಗೆ ಅಂಗನವಾಡಿಯ ಚೀಲ ಹೆಗಲಿಗೇರಿಸಿಕೊಂಡು ಪಡಸಾಲೆಯಲ್ಲೇ ಶಾಲೆ, ಸಂಜೆ ಹಿತ್ತಲಿನಲ್ಲಿ ಅಜ್ಜಿಯೊಂದಿಗೆ ಗಿಡಗಳಿಗೆ ನೀರು, ಊಟದ ಹೊತ್ತಿಗೆ ಟಿವಿ ಸುದ್ದಿ ಬಂದ್.

ನಾನು ಊಹಿಸಿರದ ಸಂಗತಿಯೊಂದಿದೆ. ಗೊಂಬೆಗೆ ಕರವಸ್ತ್ರದ ಮಾಸ್ಕ್ ಕಟ್ಟುತ್ತಾ ಅವಳು, "ಅಜ್ಜಿ ಕೆಮ್ಮಿದ್ರ ಆಂಬ್ಯುಲೆನ್ಸ್ ಬರ್ತದೇನವ್ವಾ?" ಎಂದು ಕೇಳಿದಳು, ಸುದ್ದಿಯನ್ನೆಲ್ಲ ಅವಳು ಕೇಳಿಸಿಕೊಂಡಿದ್ದಳು. ಆತಂಕದಲ್ಲಿ ಚಿಕ್ಕ ಮಕ್ಕಳು ಕಲಿತದ್ದನ್ನು ಕೆಲಕಾಲ ಮರೆಯುವುದು ಸಾಮಾನ್ಯ ಎಂದು ಮಕ್ಕಳ ವೈದ್ಯರೂ ಫೋನಿನಲ್ಲಿ ತಿಳಿಸಿದರು. ಈಗ ಎಂಟು ದಿನಗಳಿಂದ ಹಾಸಿಗೆ ಒಣಗಿಯೇ ಇದೆ. ಸೆರಗು ಹಿಡಿಯುವುದು ಮಾತ್ರ ರಾತ್ರಿ ಹೊತ್ತು ಇನ್ನೂ ಉಳಿದಿದೆ.