ಮನೆ ಟ್ಯಾಂಕಲ್ಲಿ ಆಕ್ಟೋಪಸ್ ಸಾಕೋಕೆ ಆಗತ್ತಾ? ಗೊತ್ತಿರೋರು ಹೇಳಿ

ಕಡಲದಾರಿ:
ಎಲ್ರಿಗೂ ನಮಸ್ಕಾರ. ಸಿಹಿನೀರಿನ ಮೀನು ಬಹಳ ವರ್ಷದಿಂದ ಸಾಕ್ತಿದೀನಿ, ಈಚೆಗೆ ಒಂದು ಸಣ್ಣ ಮರೀನ್ (ಉಪ್ಪುನೀರಿನ) ಟ್ಯಾಂಕೂ ಮಾಡಿದೀನಿ, ಅದ್ರಲ್ಲಿ ಕ್ಲೌನ್ ಮೀನಿನ ಜೋಡಿ ಆರಾಮಾಗಿದೆ. ಆದ್ರೆ ಮನಸ್ಸೆಲ್ಲ ಆಕ್ಟೋಪಸ್ ಮೇಲೇ. ಅದು ಜಾಡಿ ಮುಚ್ಚಳ ತಿರುಗಿಸಿ ಒಳಗಿರೋ ಏಡಿ ತೆಗೆಯೋ ವಿಡಿಯೋ ನೋಡಿದಾಗಿಂದ ಆ ಆಸೆ ಬಿಡ್ತಾನೇ ಇಲ್ಲ. ಎಷ್ಟು ದೊಡ್ಡ ಟ್ಯಾಂಕ್ ಬೇಕು, ಈಗಿರೋ ಕ್ಲೌನ್ ಮೀನುಗಳ ಜೊತೇಲೇ ಬಿಡಬಹುದಾ, ಹೊಸಬರು ಯಾವ ಜಾತಿ ತಗೊಂಡ್ರೆ ಒಳ್ಳೇದು, ಎಷ್ಟು ವರ್ಷ ಬದುಕತ್ತೆ? ಸಾಕಿದ ಅನುಭವ ಇರೋರು ದಯವಿಟ್ಟು ವಿವರವಾಗಿ ಬರೀರಿ, ಬೇಡ ಅನ್ಸಿದ್ರೆ ಅದನ್ನೂ ನೇರವಾಗೇ ಹೇಳಿ.

ಹವಳದೋಟ:
ಆಗತ್ತೆ. ಆದ್ರೆ ನಿಮ್ಮ ಕೊನೇ ಪ್ರಶ್ನೆಯಿಂದ ಶುರು ಮಾಡ್ತೀನಿ, ಯಾಕಂದ್ರೆ ಬೇರೆಲ್ಲ ಅದ್ರ ಮೇಲೇ ನಿಂತಿದೆ. ಮನೇಲಿ ಸಾಕೋಕಾಗೋ ಜಾತಿಗಳು ಬದುಕೋದೇ ಸುಮಾರು ಒಂದು ವರ್ಷ, ಹೆಚ್ಚಂದ್ರೆ ಒಂದೂವರೆ. ಪೆಸಿಫಿಕ್ ಸಾಗರದ ದೈತ್ಯ ಆಕ್ಟೋಪಸ್ ಮೂರರಿಂದ ಐದು ವರ್ಷ ಬದುಕತ್ತೆ, ಆದ್ರೆ ಅದು ಮನೆ ಟ್ಯಾಂಕಿನ ಮಾತೇ ಅಲ್ಲ. ಈಗ ಲೆಕ್ಕ ಹಾಕಿ, ಆಕ್ಟೋಪಸ್ ತಂದ್ಮೇಲೆ ನೀರು ಸರಿ ಮಾಡ್ಕೊಳ್ತಾ ಮೂರು ತಿಂಗಳು ಕಳೆದ್ರೆ ಅದ್ರ ಆಯಸ್ಸಲ್ಲಿ ಕಾಲುಭಾಗ ಕೆಟ್ಟ ನೀರಲ್ಲೇ ಹೋಯ್ತು. ಅದಕ್ಕೇ ಟ್ಯಾಂಕ್ ಮೊದಲು, ಪ್ರಾಣಿ ಆಮೇಲೆ. ಕಲ್ಲು, ಮರಳು, ಫಿಲ್ಟರ್ ಎಲ್ಲ ಹಾಕಿ ಕನಿಷ್ಠ ಮೂರು ತಿಂಗಳು ಓಡಿಸಿ, ಗಲೀಜಿಂದ ನೀರಲ್ಲಿ ಸೇರೋ ವಿಷಗಳಾದ ಅಮೋನಿಯ ನೈಟ್ರೈಟ್ ಎರಡೂ ಸೊನ್ನೆಗೆ ಬಂದು ಅಲ್ಲೇ ನಿಲ್ಲಬೇಕು.

ಜಾತಿ ಅಂದ್ರೆ ಬೈಮ್ಯಾಕ್, ಅಂದ್ರೆ ಕ್ಯಾಲಿಫೋರ್ನಿಯಾ ಕರಾವಳಿಯ ಎರಡು ಚುಕ್ಕೆ ಆಕ್ಟೋಪಸ್. ಹಗಲಲ್ಲೂ ಓಡಾಡತ್ತೆ, ಜನರಿಗೆ ಬೇಗ ಹೊಂದ್ಕೊಳ್ಳತ್ತೆ. ಒಂದಕ್ಕೇ ಕನಿಷ್ಠ 200 ಲೀಟರ್ ಟ್ಯಾಂಕ್ ಬೇಕು, ಜಾಸ್ತಿ ಇದ್ದಷ್ಟೂ ಒಳ್ಳೇದು. ತಣ್ಣೀರಿನ ಪ್ರಾಣಿ, 18ರಿಂದ 20 ಡಿಗ್ರಿ ಇರಬೇಕು ಅಂದ್ರೆ ಹೆಚ್ಚಿನ ಮನೆಗಳಲ್ಲಿ ಚಿಲ್ಲರ್ (ನೀರು ತಣ್ಣಗೆ ಮಾಡೋ ಯಂತ್ರ) ಇಲ್ಲದೆ ಆಗಲ್ಲ. ನೀರು ಬಿಸಿ ಆದಷ್ಟೂ ಅದ್ರಲ್ಲಿ ಆಮ್ಲಜನಕ ಕಮ್ಮಿ, ಆಕ್ಟೋಪಸ್ಸಿಗೆ ಬೇಕಾಗೋದು ಜಾಸ್ತಿ, ಎರಡೂ ಕಡೆಯಿಂದ ಹೊಡೆತ. ಕೆರಿಬಿಯನ್ ರೀಫ್ ಆಕ್ಟೋಪಸ್ ಆದ್ರೆ 25 ಡಿಗ್ರಿ ಹತ್ರ ಇರತ್ತೆ, ಚಿಲ್ಲರ್ ತಲೆನೋವು ಕಮ್ಮಿ, ಆದ್ರೆ ಅದು ರಾತ್ರಿ ಜೀವಿ, ನೀವು ಎದ್ದಿರೋ ಹೊತ್ತಲ್ಲಿ ಬಿಲ ಬಿಟ್ಟು ಬರೋದು ಅಪರೂಪ.

ಉಪ್ಪಿನ ಪ್ರಮಾಣ ಅಳೆಯೋ ರಿಫ್ರಾಕ್ಟೋಮೀಟರಲ್ಲಿ ಸಾಪೇಕ್ಷ ಸಾಂದ್ರತೆ 1.025, 1.026 ಹತ್ರ ಇರ್ಲಿ. ಅದು ತಿನ್ನೋದೆಲ್ಲ ಮಾಂಸ, ಅದೇ ಗಾತ್ರದ ಮೀನಿಗಿಂತ ಗಲೀಜೂ ಜಾಸ್ತಿ, ಹಾಗಾಗಿ ಪ್ರೋಟೀನ್ ಸ್ಕಿಮ್ಮರ್ (ನೊರೆ ಎಬ್ಬಿಸಿ ನೀರಿನ ಗಲೀಜು ತೆಗೆಯೋ ಸಾಧನ) ನಿಮ್ಮ ಟ್ಯಾಂಕಿಗೆ ಬೇಕಾದ್ದಕ್ಕಿಂತ ಒಂದು ಸೈಜ್ ದೊಡ್ಡದೇ ಹಾಕಿ. ಹೆದರಿದಾಗ ಮಸಿ ಉಗುಳತ್ತೆ, ಸಮುದ್ರದಲ್ಲಾದ್ರೆ ಅದು ಕರಗಿ ಹೋಗತ್ತೆ, ಟ್ಯಾಂಕಲ್ಲಿ ಅದ್ರ ಕಿವಿರಿಗೇ ಅಂಟ್ಕೊಂಡು ಉಸಿರು ಕಟ್ಟಬಹುದು. ಆಕ್ಟಿವೇಟೆಡ್ ಕಾರ್ಬನ್ನು (ನೀರಿನ ಕಲ್ಮಶ ಹೀರೋ ಇದ್ದಿಲು), ಬದಲಿಸೋಕೆ ರೆಡಿ ಮಾಡಿಟ್ಟ ಉಪ್ಪುನೀರು ಎರಡೂ ಯಾವಾಗ್ಲೂ ಕೈಗೆ ಸಿಗೋ ಹಾಗಿರಬೇಕು.

ಇನ್ನೊಂದು, ಇದನ್ನ ಬಹಳ ಜನ ಗಮನಿಸಲ್ಲ: ತಾಮ್ರ. ಮೀನಿಗೆ ಬಿಳಿಚುಕ್ಕೆ ರೋಗ ಬಂದಾಗ ಹಾಕೋ ಔಷಧಿಗಳಲ್ಲಿ ತಾಮ್ರ ಇರತ್ತೆ. ಆಕ್ಟೋಪಸ್ ರಕ್ತ ನೀಲಿ ಇರೋದೇ ತಾಮ್ರ ಇರೋ ಹೀಮೋಸಯಾನಿನ್ ಇಂದ, ಆದ್ರೂ ನೀರಲ್ಲಿ ಕರಗಿದ ತಾಮ್ರ ಒಂಚೂರಿದ್ರೂ ಅದಕ್ಕೆ ವಿಷ. ಆ ಔಷಧಿ ಹಾಕಿದ್ದ ಟ್ಯಾಂಕಿನ ಕಲ್ಲು, ಮರಳು ಯಾವುದನ್ನೂ ಇದಕ್ಕೆ ಬಳಸಬೇಡಿ.

ಕ್ಲೌನ್ ಮೀನಿನ ಜೊತೆ ಬೇಡವೇ ಬೇಡ, ಒಂದಲ್ಲ ಒಂದು ರಾತ್ರಿ ಅವನ್ನ ತಿಂದುಹಾಕತ್ತೆ. ಇನ್ನೊಂದು ಆಕ್ಟೋಪಸ್ ಜೊತೆಗೂ ಬೇಡ, ಒಂದನ್ನೊಂದು ತಿನ್ನುತ್ವೆ.

ನೀರೊಳಗೆ:
ಹವಳದೋಟ ಅವ್ರು ನೀರಿನ ಬಗ್ಗೆ ಹೇಳಿರೋದು ಪೂರ್ತಿ ಸರಿ, ನಾನು ಮುಚ್ಚಳದ ಬಗ್ಗೆ ಹೇಳ್ತೀನಿ. ಅದ್ರ ಮೈಯಲ್ಲಿ ಎಲುಬೇ ಇಲ್ಲ, ಗಟ್ಟಿ ಅಂತ ಇರೋದು ಗಿಳಿ ಕೊಕ್ಕಿನಂಥ ಬಾಯಿ ಮುಖ್ಯವಾಗಿ, ಆ ಕೊಕ್ಕು ತೂರೋ ಸಂದಿ ಇದ್ರೆ ಇಡೀ ಮೈ ತೂರತ್ತೆ. ನ್ಯೂಜಿಲೆಂಡಿನ ನೇಪಿಯರ್ ಅಕ್ವೇರಿಯಂನಲ್ಲಿ ಇಂಕಿ ಅಂತ ಒಂದಿತ್ತು, 2016ರಲ್ಲಿ ಸುದ್ದಿ ಆಯ್ತಲ್ಲ, ಟ್ಯಾಂಕ್ ಮೇಲೆ ಚೂರು ಸಂದಿ ಬಿಟ್ಟಿದ್ರಂತೆ, ರಾತ್ರಿ ಅದ್ರಿಂದ ಹೊರಬಂದು ನೆಲದ ಮೇಲೆ ತೆವಳ್ಕೊಂಡು ಹೋಗಿ ಸುಮಾರು 50 ಮೀಟರ್ ಉದ್ದದ ಪೈಪ್ ಒಳಗೆ ಇಳಿದು ಸಮುದ್ರ ಸೇರ್ಕೊಳ್ತು. ಇಂಕಿಗೆ ಆ ಕಡೆ ಸಮುದ್ರ ಇತ್ತು. ಮನೇಲಿ ಹಾಗೆ ಹೊರಬಂದ್ರೆ ಬೆಳಗಾಗೋದ್ರೊಳಗೆ ಒಣಗಿ ಸತ್ತಿರತ್ತೆ. ಭಾರದ ಮುಚ್ಚಳ ಸಾಲದು, ಕ್ಲಾಂಪ್ ಹಾಕಿ ಬಿಗೀಬೇಕು, ವೈರು ಪೈಪು ಒಳಗೆ ಹೋಗೋ ತೂತಿನ ಸುತ್ತ ಮೆಶ್ ಅಥವಾ ಸ್ಪಂಜ್ ತುರುಕಿ ಮುಚ್ಚಬೇಕು, ಪಂಪಿನ ಬಾಯಿಗೂ ಮೆಶ್ ಕಟ್ಟಬೇಕು, ಇಲ್ಲಾಂದ್ರೆ ಅಲ್ಲಿ ಕೈ ಹಾಕಿ ಕತ್ತರಿಸ್ಕೊಳ್ಳತ್ತೆ.

ಬರೀ ಊಟ ಹಾಕಿದ್ರೆ ಸಾಕಾಗಲ್ಲ. ಅದಕ್ಕೆ ಸುಮಾರು 50 ಕೋಟಿ ನರಕೋಶ ಇವೆ, ಅದ್ರಲ್ಲಿ ಮೂರರಲ್ಲಿ ಎರಡು ಪಾಲು ಕೈಗಳಲ್ಲೇ ಇರೋದು, ಮುಟ್ಟಿ ನೋಡೋಕೆ ಏನೂ ಇಲ್ಲ ಅಂದ್ರೆ ಅದು ಸೊರಗತ್ತೆ. ಜಾಡಿಯೊಳಗೆ ಜೀವಂತ ಏಡಿ ಹಾಕಿ ಕೊಡಿ, ಕಪ್ಪೆಚಿಪ್ಪು ಕೊಟ್ರೆ ಅದನ್ನ ಬಿಡಿಸೋದೇ ಒಂದು ಕೆಲಸ, ಪ್ಲಾಸ್ಟಿಕ್ ಆಟದ ಸಾಮಾನು ವಾರಕ್ಕೊಂದು ಬದಲಾಯಿಸಿ. ಮೊದಮೊದಲು ಜೀವಂತ ಆಹಾರ, ಒಗ್ಗಿದ್ಮೇಲೆ ಫ್ರೀಜ್ ಮಾಡಿದ ಸಿಗಡೀನೂ ತಿನ್ನತ್ತೆ. ಯಾರು ಊಟ ಕೊಡ್ತಾರೆ ಅನ್ನೋದೂ ಅದಕ್ಕೆ ಗೊತ್ತಾಗತ್ತೆ. ಸಿಯಾಟಲ್ ಅಕ್ವೇರಿಯಂನವ್ರು 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಬ್ಬರು ದಿನಾ ಊಟ ಕೊಡೋದು, ಇನ್ನೊಬ್ಬರು ಒರಟು ಬ್ರಷ್ಷಿನ ಕೋಲಲ್ಲಿ ತಿವಿಯೋದು, ಇಬ್ರದ್ದೂ ಒಂದೇ ಥರ ಬಟ್ಟೆ. ಎರಡು ವಾರದಲ್ಲಿ ಆಕ್ಟೋಪಸ್‌ಗಳು ಊಟ ಕೊಡೋರ ಕಡೆ ಬರ್ತಿದ್ವು, ತಿವಿಯೋರನ್ನ ಕಂಡ್ರೆ ದೂರ ಹೋಗ್ತಿದ್ವು.

ಶಂಖಪುಷ್ಪ:
ಕಡಲದಾರಿ ಅವ್ರೇ, ಬೇಡ ಅನ್ಸಿದ್ರೆ ಹೇಳಿ ಅಂದ್ರಿ ಅಂತ ಹೇಳ್ತಿದೀನಿ, ಬೇಜಾರ್ ಮಾಡ್ಕೋಬೇಡಿ. ಮಾರಾಟಕ್ಕೆ ಬರೋ ಹೆಚ್ಚಿನವು ಸಮುದ್ರದಿಂದ ಹಿಡಿದು ತಂದಿದ್ದು. ಅದ್ರ ವಯಸ್ಸು ಎಷ್ಟು ಅಂತ ಮಾರೋರಿಗೂ ಗೊತ್ತಿರಲ್ಲ. ಪೂರ್ತಿ ಬೆಳೆದಿದ್ದು ತಂದ್ರೆ ಉಳಿದಿರೋ ಆಯಸ್ಸು ಒಂದೆರಡು ತಿಂಗಳೇ ಇರಬಹುದು.

ಮತ್ತೆ ಅದು ಸಾಯೋ ರೀತಿ ಮೊದಲೇ ತಿಳ್ಕೊಂಡಿರಿ. ಹೆಣ್ಣು ಒಂದೇ ಸಲ ಮೊಟ್ಟೆ ಇಡತ್ತೆ, ಜೊತೆಗೆ ಗಂಡು ಇಲ್ಲದಿದ್ರೂ ಫಲವಾಗದ ಮೊಟ್ಟೆ ಇಡಬಹುದು, ಇಟ್ಟ ಮೇಲೆ ಊಟ ಬಿಟ್ಟು ಮೊಟ್ಟೆ ಮೇಲೆ ನೀರು ಊದ್ತಾ ಅಲ್ಲೇ ಕೂತ್ಬಿಡತ್ತೆ. ಬಣ್ಣ ಮಾಸತ್ತೆ, ಚರ್ಮ ಹುಣ್ಣಾಗತ್ತೆ, ವಾರಗಟ್ಟಲೆ ಹಾಗೇ ಸೊರಗಿ ಹೋಗತ್ತೆ. ಗಂಡಿಗೂ ಕೊನೇಗೆ ಇದೇ ಗತಿ. ನೀವೇನೋ ತಪ್ಪು ಮಾಡಿದ್ರಿ ಅಂತ ಅಲ್ಲ, ಅದ್ರ ಮೈಯೊಳಗೇ ಹಾಗಿದೆ. 1977ರಲ್ಲಿ ಜೆರೋಮ್ ವೊಡಿನ್‌ಸ್ಕಿ ಅನ್ನೋ ವಿಜ್ಞಾನಿ ಹೆಣ್ಣು ಆಕ್ಟೋಪಸ್‌ಗಳ ಆಪ್ಟಿಕ್ ಗ್ಲ್ಯಾಂಡ್ (ಕಣ್ಣುಗಳ ಹತ್ರ ಇರೋ ಗ್ರಂಥಿ) ತೆಗೆದಾಗ ಅವು ಮೊಟ್ಟೆ ಬಿಟ್ಟು ಮತ್ತೆ ತಿನ್ನೋಕೆ ಶುರು ಮಾಡಿದ್ವು, ಹೆಚ್ಚು ಕಾಲ ಬದುಕಿದ್ವು. ಅಂದ್ರೆ ಸಾವಿನ ಸೂಚನೆ ಹೋಗೋದೇ ಆ ಗ್ರಂಥಿಯಿಂದ. ನಿಮ್ಮನ್ನ ಗುರುತು ಹಿಡಿಯೋ ಪ್ರಾಣಿ ಹಾಗೆ ಹೋಗೋದನ್ನ ದಿನಾ ನೋಡ್ಬೇಕಾಗತ್ತೆ, ಮನೇಲಿ ಮಕ್ಕಳಿದ್ರೆ ಅವ್ರಿಗೂ ಮೊದಲೇ ಹೇಳಿರಬೇಕು. ಬ್ರಿಟನ್ನಿನಲ್ಲಿ 2022ರ ಕಾಯ್ದೆಯಲ್ಲಿ ಆಕ್ಟೋಪಸ್ಸನ್ನ ನೋವು ಸುಖ ತಿಳಿಯೋ ಪ್ರಾಣಿಗಳ ಪಟ್ಟಿಗೇ ಸೇರಿಸಿದಾರೆ. ನನಗಂತೂ ಸಮುದ್ರದಿಂದ ಹಿಡಿದು ತಂದಿದ್ದನ್ನ ಮನೇಲಿ ಇಡೋದು ಸರಿ ಅನ್ಸಲ್ಲ, ಟ್ಯಾಂಕಲ್ಲೇ ಹುಟ್ಟಿದ ಮರಿ ಸಿಕ್ಕಿದ್ರೆ ಮಾತ್ರ ಯೋಚ್ನೆ ಮಾಡಬಹುದು.

ಕಡಲದಾರಿ:
ಎಲ್ರಿಗೂ ಥ್ಯಾಂಕ್ಸ್, ಇಷ್ಟು ಯಾರೂ ಹೇಳಿರ್ಲಿಲ್ಲ. ಶಂಖಪುಷ್ಪ ಅವ್ರೇ ಬೇಜಾರೇನಿಲ್ಲ, ಆ ಮೊಟ್ಟೆ ವಿಷಯ ಓದಿ ಮನಸ್ಸು ಭಾರ ಆಯ್ತು ಅಷ್ಟೇ. ಒಂದು ಡೌಟು, ಒಂದು ಕಡೆ ಮಾರಾಟಕ್ಕಿರೋ ಫೋಟೋ ನೋಡ್ದೆ, ಹಳದಿ ಮೈ ಮೇಲೆ ನೀಲಿ ಉಂಗುರ ಇದೆ, ಅಂಗೈಯಷ್ಟೇ ಇದೆ. ಬೈಮ್ಯಾಕ್‌ಗೂ ನೀಲಿ ಚುಕ್ಕೆ ಇರತ್ತೆ ಅಂತ ಓದಿದೀನಿ, ಇದು ಅದೇನಾ?

ಹವಳದೋಟ:
ಅಲ್ಲ, ಅದನ್ನ ಮುಟ್ಟೋಕೂ ಹೋಗ್ಬೇಡಿ!! ಬೈಮ್ಯಾಕ್‌ಗೆ ಕಣ್ಣಿನ ಕೆಳಗೆ ಆ ಕಡೆ ಒಂದು ಈ ಕಡೆ ಒಂದು ಚುಕ್ಕೆ, ಅಷ್ಟೇ. ಮೈ ತುಂಬ ಉಂಗುರ ಇದ್ರೆ ಅದು ನೀಲಿ ಉಂಗುರದ ಆಕ್ಟೋಪಸ್. ಅದ್ರ ಜೊಲ್ಲಲ್ಲಿ ಟೆಟ್ರೊಡೊಟಾಕ್ಸಿನ್ ಅನ್ನೋ ಭಾರೀ ವಿಷ ಇರತ್ತೆ, ಕಚ್ಚಿದ್ದು ಎಷ್ಟೋ ಸಲ ನೋವೇ ಆಗಲ್ಲ, ಸ್ವಲ್ಪ ಹೊತ್ತಲ್ಲಿ ಉಸಿರಾಟದ ಸ್ನಾಯುಗಳು ನಿಂತು ಹೋಗುತ್ವೆ. ಪ್ರತಿವಿಷ ಇಲ್ಲ, ವಿಷ ಇಳಿಯೋವರೆಗೂ ಬೇರೆಯವ್ರು ಉಸಿರು ಕೊಡ್ತಾ ಇದ್ರೆ ಮಾತ್ರ ಬದುಕು. ಅದು ಹೆದರಿದಾಗಲೇ ಉಂಗುರ ಹೊಳೆಯೋದು ಜಾಸ್ತಿ, ಸುಮ್ನಿದ್ದಾಗ ಮಾಸಲಾಗಿ ಕಾಣತ್ತೆ, ಅದಕ್ಕೇ ಜನ ಮೋಸ ಹೋಗ್ತಾರೆ. ಜಾತಿ ಯಾವುದು ಅಂತ ಖಚಿತ ಇಲ್ಲದ ಸಣ್ಣ ಆಕ್ಟೋಪಸ್ ಯಾವುದನ್ನೂ ಕೊಳ್ಳಬೇಡಿ.

ಕಡಲದಾರಿ:
ಕೇಳಿದ್ದೇ ಒಳ್ಳೇದಾಯ್ತು. ಹಾಗಿದ್ರೆ ಮೊದಲು ಟ್ಯಾಂಕ್ ಕಟ್ಟಿ ಓಡಿಸ್ತೀನಿ, ಚಿಲ್ಲರ್ರೂ ಕ್ಲಾಂಪ್ ಮುಚ್ಚಳಾನೂ ಹಾಕಿ. ಟ್ಯಾಂಕಲ್ಲಿ ಹುಟ್ಟಿದ ಬೈಮ್ಯಾಕ್ ಮರಿ ಸಿಗೋವರೆಗೂ ಕಾಯ್ತೀನಿ, ಸಿಗ್ಲಿಲ್ಲ ಅಂದ್ರೆ ಅದ್ರಲ್ಲಿ ಬೇರೆ ಏನಾದ್ರೂ ಸಾಕಿದ್ರಾಯ್ತು. ಕಾಯೋ ತಿಂಗಳುಗಳಲ್ಲಿ ಟ್ಯಾಂಕ್ ಖಾಲಿ ಬಿಡೋದಾ?

ನೀರೊಳಗೆ:
ಪೂರ್ತಿ ಖಾಲಿ ಬಿಟ್ರೆ ಅಮೋನಿಯ ಕಳೆದು ನೀರು ಸರಿ ಇಡೋ ಬ್ಯಾಕ್ಟೀರಿಯಾಕ್ಕೆ ಆಹಾರ ಇರಲ್ಲ. ಬಸವನಹುಳ, ಸಣ್ಣ ಏಡಿಗಳನ್ನ ಬಿಟ್ಟು ದಿನಾ ಸ್ವಲ್ಪ ಆಹಾರ ಹಾಕ್ತಿರಿ, ವಾರವಾರ ಟೆಸ್ಟ್ ಮಾಡಿ ಬರೆದಿಡಿ. ಮರಿ ಬಂದ್ಮೇಲೆ ಅವನ್ನೆಲ್ಲ ಅದು ತಿಂದು ಮುಗಿಸತ್ತೆ, ಹಿಡಿದು ಹೊರಗೆ ತೆಗೆಯೋ ಕೆಲಸ ಇಲ್ಲ.