ಕ್ಲಚ್‌ಗೆ ಶೋರೂಂನಲ್ಲಿ 38,400, ಗ್ಯಾರೇಜಿನಲ್ಲಿ 15,500: ಅನುಭವ ಇದ್ದವರು ಹೇಳಿ

ಕೇಳಿದವರು, ಕೊಪ್ಪಳ:
2017ರ ಪೆಟ್ರೋಲ್ ಕಾರು, 78,000 ಕಿ.ಮೀ. ಓಡಿದೆ. ಏರು ಹತ್ತುವಾಗ ಇಂಜಿನ್ ಕೂಗುತ್ತೆ, ಗಾಡಿ ಮಾತ್ರ ಎಳೆಯಲ್ಲ. ಸುಟ್ಟ ವಾಸನೆ ಬೇರೆ. ಶೋರೂಂನವರು ಕ್ಲಚ್ ಸೆಟ್, ಫ್ಲೈವೀಲ್ (ಕ್ಲಚ್ ಪ್ಲೇಟ್ ಒತ್ತಿ ಕೂರೋ ಇಂಜಿನ್ ಕಡೆಯ ಚಕ್ರ) ಎರಡೂ ಸೇರಿಸಿ 38,400ಕ್ಕೆ ಎಸ್ಟಿಮೇಟ್ ಕೊಟ್ಟರು. ಇಲ್ಲಿನ ಗ್ಯಾರೇಜಿನವರು 15,500 ಅಂದರು, ಬಿಲ್ ಕೊಡಲ್ಲವಂತೆ. ಹುಣ್ಣಿಮೆಗೆ ಅಮ್ಮನನ್ನು ಹುಲಿಗಿಗೆ, ಹುಲಿಗೆಮ್ಮನ ಗುಡಿಗೆ ಕರೆದುಕೊಂಡು ಹೋಗಬೇಕು. ಯಾವುದು ಒಳ್ಳೇದು?

ತೋರಣಗಲ್ಲಿನಿಂದ:
ಕಣ್ಣು ಮುಚ್ಚಿ ಶೋರೂಂಗೆ ಬಿಡಿ ಸರ್. ನಂದು 2018ರ ಡೀಸೆಲ್ ಗಾಡಿ. ಇವತ್ತಿನವರೆಗೂ ಹೊರಗಡೆ ಒಂದು ಬೋಲ್ಟ್ ಬಿಚ್ಚಿಸಿಲ್ಲ. ಎಕ್ಸ್‌ಟೆಂಡೆಡ್ ವಾರಂಟಿಗೆ 21,700 ಕಟ್ಟಿದಾಗ ಮನೆಯವಳು ಒಂದು ವಾರ ಸರಿಯಾಗಿ ಮಾತಾಡಲಿಲ್ಲ. ಐದನೇ ವರ್ಷ ಬೆಳಿಗ್ಗೆ ಸ್ಟಾರ್ಟಿಂಗ್ ಟ್ರಬಲ್ ಶುರುವಾಯಿತು. ನೋಡಿದರೆ ನಾಲ್ಕೂ ಇಂಜೆಕ್ಟರ್ ಹೋಗಿದ್ದವು. ಬಿಲ್ 98,260. ನಾನು ಕಟ್ಟಿದ್ದು 2,340, ಅದೂ ಆಯಿಲ್ ಮತ್ತು ಫಿಲ್ಟರಿಗೆ. ಒಂದೇ ಒಂದು ಸರ್ವಿಸ್ ತಪ್ಪಿಸಿರಲಿಲ್ಲ, ಅದಕ್ಕೇ ಯಾರೂ ತಕರಾರು ತೆಗೆಯಲಿಲ್ಲ. ಎಲ್ಲಾ ಬಿಲ್ಲೂ ಫೈಲ್ ಮಾಡಿಟ್ಟಿದ್ದೀನಿ.

ಇನ್ನೊಂದು ಮಾತು. ನಾನು ದಿನಾ ಓಡಾಡೋದು ಸಂಡೂರು ಕಡೆಯಿಂದ ಅದಿರು ಲಾರಿ ಬರೋ ರಸ್ತೆಯಲ್ಲಿ. ಏರ್ ಫಿಲ್ಟರ್ ತೆಗೆದು ನೆಲಕ್ಕೆ ಕುಟ್ಟಿದರೆ ಕುಂಕುಮದ ಹಾಗೆ ಕೆಂಪು ಪುಡಿ ಉದುರುತ್ತೆ. ಪುಸ್ತಕದಲ್ಲಿ ಬರೆದಷ್ಟು ಕಿಲೋಮೀಟರ್ ಕಾಯ್ತಾ ಕೂತರೆ ಇಂಜಿನ್ ಕೈಗೆ ಬರುತ್ತೆ. 5,000ಕ್ಕೊಂದು ಹೊಸ ಫಿಲ್ಟರ್, 640 ರೂಪಾಯಿ.

ಸಿಂಧನೂರಿನಿಂದ:
ಎಲ್ಲರ ಹತ್ತಿರಾನೂ ವಾರಂಟಿ ಇರಲ್ಲ ಅಣ್ಣ. ನನ್ನ ಕಥೆ ಕೇಳಿ. ಮೇ ತಿಂಗಳು, ಎಸಿ ತಣ್ಣಗಾಗಲ್ಲ. ರಾಯಚೂರು ಜಿಲ್ಲೆಯ ಬಿಸಿಲು ಗೊತ್ತಲ್ಲ, ಸ್ಟೀರಿಂಗ್ ಮುಟ್ಟಿದರೆ ಕೈ ಸುಡುತ್ತೆ. ಶೋರೂಂಗೆ ಹೋಗಿಬರೋದೇ ಹೆಚ್ಚುಕಡಿಮೆ 180 ಕಿ.ಮೀ. ಮೊದಲ ಸಲ ಗ್ಯಾಸ್ ತುಂಬಿ 2,950 ತಗೊಂಡರು. ಹನ್ನೊಂದು ದಿನಕ್ಕೆ ಖಾಲಿ. ಎರಡನೇ ಸಲ ಮತ್ತೆ ಗ್ಯಾಸು, ಮತ್ತೆ 2,950. ಮೂರನೇ ಸಲ ಹೋದರೆ 'ಕಂಡೆನ್ಸರ್, ಕಂಪ್ರೆಸರ್ ಎರಡೂ ಬದಲಾಯಿಸಬೇಕು, 46,800' ಅಂತ ಕಾಗದ ಕೈಗಿಟ್ಟರು. ಕೇಳದೇನೇ 1,180ಕ್ಕೆ ಥ್ರಾಟಲ್ ಬಾಡಿ ಕ್ಲೀನಿಂಗ್ ಬೇರೆ ಸೇರಿಸಿದ್ದರು. ಮೂರು ಟ್ರಿಪ್ಪಿನ ಪೆಟ್ರೋಲು, ಮೂರು ದಿನದ ಕೆಲಸ ಹಾಳು. ಅದನ್ನ ಯಾರು ಲೆಕ್ಕ ಇಡ್ತಾರೆ?

ಕೊನೆಗೆ ನಮ್ಮೂರ ಎಸಿ ಮಿಸ್ತ್ರಿ ಹತ್ತಿರ ಹೋದೆ. ತಗಡಿನ ಶೆಡ್ಡು, ಒಂದು ಬಕೆಟ್ಟು. ಸಾಬೂನು ನೀರು ಕಲಸಿ ಒಂದೊಂದೇ ಜಾಯಿಂಟಿಗೆ ಬ್ರಷ್‌ನಲ್ಲಿ ಹಚ್ಚುತ್ತಾ ಬಂದ. ಬಂಪರ್ ಹಿಂದಿನ ಒಂದು ಜಾಯಿಂಟಲ್ಲಿ ಸಣ್ಣ ಗುಳ್ಳೆ ಎದ್ದಿತು. ಸಾಸಿವೆ ಕಾಳಿನಷ್ಟು. ಒಳಗಿನ ರಬ್ಬರ್ ಓ ರಿಂಗ್ ಹೋಗಿತ್ತು. ಗ್ಯಾಸ್ ಸೇರಿ 1,850. ಎರಡು ಬೇಸಿಗೆ ಕಳೆಯಿತು, ಇನ್ನೂ ತಣ್ಣಗಿದೆ.

ಗಂಗಾವತಿಯಿಂದ:
ಸಾಬೂನು ನೀರಿನ ಪವಾಡ ಎಲ್ಲರಿಗೂ ಆಗಲ್ಲ ಸ್ವಾಮಿ. ನಾನು 'ನಮ್ಮ ಹುಡುಗ' ಅಂತ ನಂಬಿ ಕ್ಲಚ್ ಹಾಕಿಸಿದೆ. ಪಾರ್ಟಿಗೆ 11,200, ಲೇಬರ್ 3,000. ನಾಲ್ಕೇ ತಿಂಗಳಲ್ಲಿ ಮೊದಲಿನಂಗೇ ಆಯಿತು. ಇನ್ನೊಬ್ಬರ ಹತ್ತಿರ ಬಿಚ್ಚಿಸಿದರೆ ಪ್ರೆಶರ್ ಪ್ಲೇಟೇ ಡುಪ್ಲಿಕೇಟ್. ಡಬ್ಬಿ ಕಂಪನಿದು, ಒಳಗಿನ ಮಾಲು ಯಾವುದೋ. ಗೇರ್‌ಬಾಕ್ಸ್ ಇಳಿಸುವಾಗ ಆಯಿಲ್ ಸೀಲ್ ಹರಿದಿದ್ದ, ಒಂದು ಬೋಲ್ಟ್ ಹಾಕೋದೇ ಮರೆತಿದ್ದ. ಸೀಲು 420, ಆಯಿಲ್ 1,350, ಎರಡನೇ ಕ್ಲಚ್ 13,900, ಮತ್ತೆ ಲೇಬರ್ 3,500. ಒಟ್ಟು 33,370. ಅದೂ ಸುಗ್ಗಿ ಟೈಮು, ಗಿರಣಿ ಮುಂದೆ ಭತ್ತದ ಟ್ರ್ಯಾಕ್ಟರ್ ಸಾಲು ನಿಂತಿದ್ದಾಗ. ಹೋಗಿ ಕೇಳಿದರೆ 'ಬಿಲ್ ಎಲ್ಲಿದೆ' ಅಂದ. ಬಿಲ್ ಕೊಟ್ಟವನೇ ಅಲ್ಲ ಅವನು!

ಸಿಂಧನೂರಿನಿಂದ:
ಪವಾಡ ಅಂತ ಯಾಕೆ ಹಂಗಿಸ್ತೀರಿ? ಜಿಎಸ್‌ಟಿ ಉಳಿಸೋಕೆ ಬಿಲ್ ಬೇಡ ಅಂದಿದ್ದು ನೀವೇ ಇರಬೇಕು.

ಗಂಗಾವತಿಯಿಂದ:
ನನ್ನ ಜೇಬಿನ ಲೆಕ್ಕ ನಿಮಗೆ ಬೇಡ. ಬೇಡ ಅಂದಿದ್ದೆ, ನಿಜ. ಅದಕ್ಕೆ ಡುಪ್ಲಿಕೇಟ್ ಹಾಕಬೇಕಾ?

ರಾಯಚೂರಿನಿಂದ:
ಜಿಎಸ್‌ಟಿ ಮಾತು ಬಂತಲ್ಲ, ಒಂದು ವಿಷಯ. ಮೊದಲು ಎಷ್ಟೋ ಪಾರ್ಟಿಗೆ ಶೇ. 28 ಇತ್ತು. 2025ರ ಸೆಪ್ಟೆಂಬರ್ 22ರಿಂದ ಎಲ್ಲಾ ಬಿಡಿಭಾಗಕ್ಕೂ ಶೇ. 18. ಹಳೇ ರೇಟಿನ ಎಸ್ಟಿಮೇಟ್ ಕೊಟ್ಟರೆ ಅಲ್ಲೇ ಕೇಳಿ. ಇನ್ನು ವಾರಂಟಿ. ಹೊರಗಡೆ ಮುಟ್ಟಿಸಿದರೆ ವಾರಂಟಿ ಪೂರ್ತಿ ಹೋಯಿತು ಅಂತ ಹೆದರಿಸ್ತಾರೆ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ಒರಿಜಿನಲ್ ಪಾರ್ಟು ಹೊರಗಿನ ಗ್ಯಾರೇಜಿಗೆ ಸಿಗದ ಹಾಗೆ ಮಾಡಿದ್ದೇ ತಪ್ಪು ಅಂತ. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ರದ್ದು ಅನ್ನೋ ಷರತ್ತು ಹಾಕಬೇಡಿ ಅಂತಾನೂ ಆ ಆದೇಶದಲ್ಲಿತ್ತು.

ತೋರಣಗಲ್ಲಿನಿಂದ:
ಆಯೋಗದ ಆದೇಶ ಹಿಡ್ಕೊಂಡು ಕೌಂಟರ್ ಮುಂದೆ ನಿಂತು ನೋಡಿ ಸರ್, ಟೋಕನ್ ಕೊಟ್ಟು ಕೂರಿಸ್ತಾರೆ. ನಾನಂತೂ ನೆಮ್ಮದಿಗೆ ದುಡ್ಡು ಕೊಡೋನು. ನಮ್ಮ ಜಿಲ್ಲೆಯ ಹೊಸಪೇಟೆಯಲ್ಲೇ ನನ್ನ ಭಾವ ಗ್ಯಾರೇಜಿಗೆ ಬಿಟ್ಟು ಆರು ವಾರ ಅಲೆದ.

ಹೊಸಪೇಟೆಯಿಂದ:
ನಿಮ್ಮ ಜಿಲ್ಲೆ ಯಾವಾಗ ಆಯ್ತು? 2021ರಲ್ಲೇ ವಿಜಯನಗರ ಬೇರೆ ಜಿಲ್ಲೆ ಆಗಿದೆ.

ತೋರಣಗಲ್ಲಿನಿಂದ:
ಆಯ್ತು ಮಾರಾಯ, ನಿಮ್ಮ ಜಿಲ್ಲೆ ನೀವೇ ಇಟ್ಕೊಳ್ಳಿ. ಭಾವನ ಗಾಡಿ ಕೊಡಿಸಿ.

ಬಳ್ಳಾರಿಯಿಂದ:
ನಮ್ಮನೆಯವರದು ಗ್ಯಾರೇಜು, ಕೌಲ್ ಬಜಾರ್ ಕಡೆ. ಲೆಕ್ಕ ಬರೆಯೋಳು ನಾನು. ಎಲ್ಲರೂ ಮೆಕ್ಯಾನಿಕ್‌ಗಳನ್ನ ಕಳ್ಳರು ಅಂತೀರಲ್ಲ, ಗಾಡಿಯ ದೋಷ ಓದೋ ಸ್ಕ್ಯಾನರಿಗೆ ನಾವು 85,000 ಸುರಿದಿದ್ದೀವಿ. ಸ್ಕ್ಯಾನ್ ಮಾಡಿ 300 ಕೇಳಿದರೆ 'ಬರೀ ವೈರ್ ಚುಚ್ಚಿದ್ದಕ್ಕಾ' ಅಂತಾರೆ. ಅದೇ ಜನ ಶೋರೂಂನಲ್ಲಿ ಕನ್‌ಸ್ಯೂಮಬಲ್ಸ್ ಅಂತ 750 ಬರೆದರೆ ಸುಮ್ನೆ ಕೊಡ್ತಾರೆ. 'ಕಡಿಮೆದು ಹಾಕಿ' ಅಂತ ಗಿರಾಕಿಗಳೇ ಹೇಳ್ತಾರೆ, ಆಮೇಲೆ ಡುಪ್ಲಿಕೇಟ್ ಅಂತ ಬೈತಾರೆ. ಗಂಗಾವತಿ ಅಣ್ಣಾರಿಗೆ ಆಗಿದ್ದು ತಪ್ಪೇ. ಹಳೇ ಪಾರ್ಟು, ಹೊಸ ಡಬ್ಬಿ ಎರಡೂ ಕೇಳಿ ಇಸ್ಕೋಬೇಕಿತ್ತು.

ಕೊಪ್ಪಳದವರೇ, ಮೊದಲು ಇದನ್ನ ಮಾಡಿ. ಸಮತಟ್ಟು ಜಾಗ, ಮುಂದೆ ಯಾರೂ ನಿಂತಿರಬಾರದು. ಹ್ಯಾಂಡ್‌ಬ್ರೇಕ್ ಪೂರ್ತಿ ಎಳೀರಿ. ಮೂರನೇ ಗೇರ್ ಹಾಕಿ, ಸ್ವಲ್ಪ ರೇಸ್ ಕೊಟ್ಟು ಕ್ಲಚ್ ಮೆಲ್ಲಗೆ ಬಿಡಿ. ಇಂಜಿನ್ ಟಪ್ ಅಂತ ನಿಂತರೆ ಕ್ಲಚ್ ಹಿಡೀತಿದೆ. ನಿಲ್ಲದೇ ಕೂಗುತ್ತಲೇ ಇದ್ದರೆ ಪ್ಲೇಟ್ ಸವೆದಿದೆ. ಒಂದು ಸಲ ಸಾಕು, ಪದೇ ಪದೇ ಮಾಡಿದರೆ ಇರೋದೂ ಸುಡುತ್ತೆ. ಫ್ಲೈವೀಲ್ ವಿಷಯ ಗೇರ್‌ಬಾಕ್ಸ್ ಇಳಿಸಿದ ಮೇಲೇ ಗೊತ್ತಾಗೋದು. ನೀಲಿ ಕಲೆ, ಉಗುರು ಸಿಕ್ಕೋಷ್ಟು ಗೀರು ಇಲ್ಲ ಅಂದರೆ ಬದಲಾಯಿಸೋದು ಯಾಕೆ? ಬಿಚ್ಚೋ ಮೊದಲೇ ಎಸ್ಟಿಮೇಟಿಗೆ ಸೇರಿಸಿದ್ದಾರೆ ಅಂದರೆ ಅದು ಅಂದಾಜು ಅಷ್ಟೇ.

ಕೇಳಿದವರು, ಕೊಪ್ಪಳ:
ಮಾಡಿದೆ ಅಕ್ಕ. ಇಂಜಿನ್ ನಿಂತಿತು. ಆದರೆ ತಕ್ಷಣ ಅಲ್ಲ, ಎರಡು ಸೆಕೆಂಡ್ ಕೂಗಿ ಆಮೇಲೆ ನಿಂತಿತು.

ತೋರಣಗಲ್ಲಿನಿಂದ:
ನಿಂತಿತಲ್ಲ? ಕ್ಲಚ್ ಇನ್ನೂ ಇದೆ. ಈಗ ಗ್ಯಾರೇಜಿನವರು ಅದನ್ನ ಬಿಚ್ಚಿ ಹಾಳು ಮಾಡೋ ಮೊದಲು ಶೋರೂಂನಲ್ಲಿ ಚೆಕ್ ಮಾಡಿಸಿ.

ಗಂಗಾವತಿಯಿಂದ:
ಎರಡು ಸೆಕೆಂಡ್ ಅಂದರೆ ಜಾರ್ತಿದೆ ಅಂತಲೇ ಅರ್ಥ. ನಂದೂ ಹಿಂಗೇ ಶುರುವಾಗಿದ್ದು. 33,370.

ಸಿಂಧನೂರಿನಿಂದ:
ಆ 33,370 ಎಷ್ಟು ಸಲ ಹೇಳ್ತೀರಿ?

ಬಳ್ಳಾರಿಯಿಂದ:
ಜಾರೋಕೆ ಶುರುವಾಗಿದೆ. ಹತ್ತಿರ ಓಡಾಡಿ, ಏರು, ಲೋಡು ಬೇಡ. ಕ್ಲಚ್ ಸೆಟ್ಟನ್ನ ಬಿಲ್ ಹಾಕಿಸಿ ನೀವೇ ಕೊಂಡುತಂದು ಗ್ಯಾರೇಜಿಗೆ ಕೊಡಿ, ಲೇಬರ್ ಮಾತ್ರ ಅವರಿಗೆ.

ಕೇಳಿದವರು, ಕೊಪ್ಪಳ:
ಸೆಟ್ ಆರ್ಡರ್ ಮಾಡಿದೆ, ಬರೋಕೆ ನಾಲ್ಕು ದಿನ ಅಂತೆ. ಹುಣ್ಣಿಮೆ ನಾಡಿದ್ದು. ಅಮ್ಮ ಬಸ್ಸಿಗೇ ಹೋಗೋಣ ಅಂತ ಆಗಲೇ ಬುತ್ತಿ ಚೀಲ ತೆಗೆದಿಟ್ಟಿದ್ದಾರೆ.